ಜೇಬಿನಿಂದ ಗೋಡೆಗೆ: ಶಾಲೆ ಮತ್ತು ಹೊಗೆಯ ನಿಯಮಗಳ ಕುರಿತು ಒಂದು ಟಿಪ್ಪಣಿ

ಪ್ಲೇಗಿನ ವರ್ಷವಾದ 1665ರಲ್ಲಿ ಇಂಗ್ಲೆಂಡಿನ ಈಟನ್ ಶಾಲೆಯ ಹುಡುಗರು ದಿನಾ ಬೆಳಿಗ್ಗೆ ಶಾಲೆಯಲ್ಲೇ ತಂಬಾಕು ಸೇದಬೇಕೆಂಬ ಕಟ್ಟಳೆ ಇತ್ತು, ಸೇದದವನಿಗೆ ಏಟು ಬೀಳುತ್ತಿತ್ತು ಎಂಬ ಸಂಗತಿಯನ್ನು ತಂಬಾಕಿನ ಚರಿತ್ರೆ ಬರೆದ ಅನೇಕರು ಎತ್ತಿ ಹೇಳಿದ್ದಾರೆ. ಇದರ ಮೂಲ ತೀರ ಸಣ್ಣದು. ಆಕ್ಸ್‌ಫರ್ಡಿನ ವಿದ್ವಾಂಸ ಥಾಮಸ್ ಹರ್ನ್ 1721ರಲ್ಲಿ ತನ್ನ ದಿನಚರಿಯಲ್ಲಿ ಇದನ್ನು ಬರೆದಿಟ್ಟ. ಅವನಿಗೆ ಹೇಳಿದವನು ಟಾಮ್ ರೋಜರ್ಸ್ ಎಂಬ ವಿಶ್ವವಿದ್ಯಾಲಯದ ನೌಕರ. ಪ್ಲೇಗಿನ ಕಾಲದಲ್ಲಿ ಈಟನ್ನಿನಲ್ಲಿ ಓದುತ್ತಿದ್ದು, ಸೇದದೆ ಏಟು ತಿಂದವನು. ಅಂದರೆ ಐವತ್ತಾರು ವರ್ಷ ಹಳೆಯ ಸಂಗತಿ, ಅದೂ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬರೆದದ್ದು. ಇಷ್ಟರ ಮೇಲೆ ಇಡೀ ಶಾಲೆಯ ಕಟ್ಟಳೆಯನ್ನು ಕಟ್ಟಿ ನಿಲ್ಲಿಸಲು ನನಗೆ ಧೈರ್ಯ ಸಾಲದು. ಆದರೂ ಕೆಟ್ಟ ಗಾಳಿಯಿಂದ ರೋಗ ಬರುತ್ತದೆ, ತಂಬಾಕಿನ ಹೊಗೆ ಅದನ್ನು ತಡೆಯುತ್ತದೆ ಎಂದು ಆ ಕಾಲ ನಂಬಿತ್ತಾದ್ದರಿಂದ ಸಂಗತಿ ಅಸಂಭವವೂ ಅಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆಯದೇ. ಸೇದಿದ್ದಕ್ಕೆ ಏಟು ತಿಂದ ಹುಡುಗರ ಕಥೆ ನಮಗೆಲ್ಲ ಗೊತ್ತು. ಇಲ್ಲಿ ಸೇದದ್ದಕ್ಕೆ ಏಟು. ತಪ್ಪು ಯಾವುದೆಂಬುದು ತಿರುಗುಮುರುಗಾಗಿದೆ. ಏಟು ತಿನ್ನುವ ಮೈ ಮಾತ್ರ ಹುಡುಗನದೇ.

ಶಾಲೆ ಮತ್ತು ಧೂಮಪಾನದ ಚರಿತ್ರೆಯನ್ನು ಸಾಮಾನ್ಯವಾಗಿ ಅಜ್ಞಾನದಿಂದ ಅರಿವಿಗೆ ಬಂದ ಕಥೆಯಾಗಿ ಹೇಳುತ್ತಾರೆ: ಮೊದಲು ಕೆಡುಕು ಗೊತ್ತಿರಲಿಲ್ಲ, ಆಮೇಲೆ ಗೊತ್ತಾಯಿತು, ನಿಷೇಧ ಬಂತು. ಕಾಯಿದೆಗಳ ಒಕ್ಕಣೆಯನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ನನಗೆ ಆ ಕಥೆ ನಿಲ್ಲುವಂತೆ ತೋರಲಿಲ್ಲ. ಹೊಗೆ ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕಿಂತ, ನಿಯಮದ ಕಣ್ಣು ಯಾರ ಮೇಲೆ ನೆಟ್ಟಿತ್ತು ಎಂಬುದು ಬದಲಾಗುತ್ತ ಬಂದಿದೆ. ಬಹುಕಾಲ ಅದು ಹುಡುಗನ ಜೇಬಿನ ಮೇಲಿತ್ತು. ಶಾಲೆಯ ಗೋಡೆಯ ಮೇಲೆ, ಗೋಡೆಯೊಳಗಿನ ದೊಡ್ಡವರ ಮೇಲೆ ಅದು ಬಿದ್ದದ್ದು ತೀರ ಈಚೆಗೆ.

1908ರ ಬ್ರಿಟನ್ನಿನ ಮಕ್ಕಳ ಕಾಯಿದೆಯನ್ನೇ ನೋಡಿ. ಅದರ ಹಿಂದೆ ಎರಡು ಕಾರಣಗಳಿದ್ದವು. ಸಿಗರೇಟು ಸುತ್ತುವ ಯಂತ್ರ 1880ರ ದಶಕದಲ್ಲಿ ಬಂದಮೇಲೆ ಬೆಲೆ ಕುಸಿಯಿತು; 1888ರಲ್ಲಿ ಮಾರುಕಟ್ಟೆಗೆ ಬಂದ ವುಡ್‌ಬೈನ್ ಒಂದು ಪೆನ್ನಿಗೆ ಐದು ಸಿಕ್ಕುತ್ತಿತ್ತು. ಪೈಪು ಹುಡುಗನಿಗೆ ಎಟುಕದ ವಸ್ತು, ಸಿಗರೇಟು ಎಟುಕಿತು. ಇನ್ನೊಂದು ಕಾರಣ ದಕ್ಷಿಣ ಆಫ್ರಿಕದ ಬೋಯರ್ ಯುದ್ಧ. ಸೈನ್ಯಕ್ಕೆ ಸೇರಲು ಬಂದ ಯುವಕರಲ್ಲಿ ಬಹಳ ಮಂದಿ ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದಾಗ ದೇಶಕ್ಕೇ ಗಾಬರಿಯಾಯಿತು. ಶರೀರಶಕ್ತಿಯ ಅವನತಿಯನ್ನು ವಿಚಾರಿಸಲು ನೇಮಕವಾದ ಸಮಿತಿ 1904ರಲ್ಲಿ ಕೊಟ್ಟ ವರದಿ ಬಾಲಕರ ಧೂಮಪಾನವನ್ನೂ ದೂರಿತು. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂಬ ಮಾತು ಆಗ ಚರ್ಚೆಯಲ್ಲೇ ಇರಲಿಲ್ಲ. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರ ಅಧ್ಯಯನ ಬಂದದ್ದು 1950ರಲ್ಲಿ. 1908ರಲ್ಲಿ ಕಾಪಾಡಬೇಕಾಗಿದ್ದದ್ದು ಹುಡುಗನ ಶ್ವಾಸಕೋಶವನ್ನಲ್ಲ, ನಾಳಿನ ಸಿಪಾಯಿಯನ್ನು.

ಆ ಕಾಯಿದೆಯ 39ರಿಂದ 43ರವರೆಗಿನ ಕಲಮುಗಳನ್ನು ನಿಧಾನವಾಗಿ ಓದಬೇಕು. ಹದಿನಾರರೊಳಗಿನವನಂತೆ ಕಾಣುವವನಿಗೆ ಸಿಗರೇಟು ಮಾರಿದರೆ ಅಂಗಡಿಯವನಿಗೆ ದಂಡ: ಮೊದಲ ಸಲ 2 ಪೌಂಡ್, ಎರಡನೆಯ ಸಲ 5, ಆಮೇಲೆ 10. ಸಿಗರೇಟಾದರೆ ಅದು ಹುಡುಗನ ಸ್ವಂತಕ್ಕೋ ಬೇರೆಯವರಿಗೋ ಎಂಬ ಪ್ರಶ್ನೆಯಿಲ್ಲ, ಮಾರಲೇಬಾರದು. ಉಳಿದ ತಂಬಾಕಾದರೆ ಮಾತ್ರ, ಹುಡುಗನೇ ಸೇದುವನೆಂದು ಗೊತ್ತಿದ್ದರಷ್ಟೇ ತಪ್ಪು. ಹಾಗಾಗಿ ಅಪ್ಪ ಮಗನನ್ನು ಪೈಪಿನ ತಂಬಾಕು ತರಲು ಕಳಿಸಬಹುದಿತ್ತು. ಬೀದಿಯಲ್ಲಿ ಸೇದುತ್ತಿರುವ ಹುಡುಗನ ಕೈಯಿಂದ ಸಿಗರೇಟು ಕಿತ್ತುಕೊಳ್ಳುವ ಅಧಿಕಾರ ಸಮವಸ್ತ್ರದ ಪೊಲೀಸನಿಗೂ ಉದ್ಯಾನದ ಕಾವಲುಗಾರನಿಗೂ ಇತ್ತು. ಹುಡುಗನಾದರೆ ಜೇಬು ತಡಕಬಹುದು, ಹುಡುಗಿಯನ್ನು ಶೋಧಿಸುವಂತಿಲ್ಲ. ತಂಬಾಕು ವ್ಯಾಪಾರಿಗಳ ಬಳಿ ಕೆಲಸಕ್ಕಿದ್ದ ಹುಡುಗರಿಗೂ ಸಮವಸ್ತ್ರ ತೊಟ್ಟ ಓಲೆಕಾರ ಹುಡುಗರಿಗೂ ವಿನಾಯಿತಿ. ದೊಡ್ಡವರ ವ್ಯವಹಾರಕ್ಕಾಗಿ ಸಿಗರೇಟು ಹೊರುವ ಮಗುವನ್ನು ಕಾಯಿದೆ ಕಂಡಿತ್ತು, ಕಂಡೂ ಹಾದಿ ಬಿಟ್ಟಿತು. ಇನ್ನು ಶಾಲೆಯ ಒಳಗಿನ ಹೊಗೆಯನ್ನು ಈ ಕಲಮುಗಳು ಮುಟ್ಟುವುದೇ ಇಲ್ಲ. ಬೀದಿ ಪೊಲೀಸನ ಪಾಲಿಗೆ, ಶಾಲೆ ಹೆಡ್‌ಮಾಸ್ತರರ ಬೆತ್ತದ ಪಾಲಿಗೆ.

ಈ ಕಾಯಿದೆಯ ಅಚ್ಚು ಹತ್ತು ವರ್ಷದಲ್ಲಿ ನಮ್ಮ ಕಡೆಗೂ ಬಂತು. 1918ರಲ್ಲಿ ಪಂಜಾಬ್, 1919ರಲ್ಲಿ ಬಂಗಾಳ ಪ್ರಾಂತಗಳು ಬಾಲಕರ ಧೂಮಪಾನ ತಡೆಯುವ ಕಾಯಿದೆ ಮಾಡಿದವು. ಅದೇ ಹದಿನಾರರ ಮಿತಿ, ಅದೇ ಬೀದಿ, ಅದೇ ಸಮವಸ್ತ್ರದ ಪೊಲೀಸ್. ಆದರೆ ನಮ್ಮ ಮಕ್ಕಳ ಕೈಗೆ ತಂಬಾಕು ಬರುತ್ತಿದ್ದ ದಾರಿ ಯಾವುದೆಂದು ತಿಳಿಯಲು ಗಾಂಧೀಜಿಯವರ ಆತ್ಮಕಥೆಯ ಒಂದು ಅಧ್ಯಾಯ ಕಾಯಿದೆಗಳಿಗಿಂತ ಹೆಚ್ಚು ನೆರವಾಗುತ್ತದೆ. ಹನ್ನೆರಡು ಹದಿಮೂರರ ವಯಸ್ಸು. ಚಿಕ್ಕಪ್ಪ ಸೇದುವುದನ್ನು ನೋಡಿ ಆಸೆ. ಅವರು ಎಸೆದ ಮೋಟುಗಳನ್ನು ಹೆಕ್ಕಿ ಸೇದುವುದು. ಮೋಟು ಸಾಲದಾದಾಗ ಆಳಿನ ಪುಡಿಗಾಸು ಕದ್ದು ಬೀಡಿ ಕೊಳ್ಳುವುದು. ಈ ಸರಪಣಿಯ ಮೊದಲ ಕೊಂಡಿ ಮನೆಯ ಹಿರಿಯರ ಬೆರಳ ಸಂದಿಯಲ್ಲಿತ್ತು. ಆ ಬೆರಳನ್ನು ಯಾವ ಕಾಯಿದೆಯೂ ಕೇಳಲಿಲ್ಲ.

ನಾನೂ ಒಂದು ಸಾಕ್ಷ್ಯ ಹೇಳಬೇಕು. ನಾನು ಓದಿದ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಿಗೆ ಬೀಡಿ ತರುವ ಕೆಲಸ ತರಗತಿಯ ಚೂಟಿ ಹುಡುಗನದು. ಮಗ್ಗಿ ತಪ್ಪಿಲ್ಲದೆ ಹೇಳಿದವನಿಗೆ ಸಿಕ್ಕುವ ಗೌರವ ಅದು. ಗೂಡಂಗಡಿಯ ಕಂಬಕ್ಕೆ ಇಳಿಬಿಟ್ಟ ತೆಂಗಿನ ನಾರಿನ ಹಗ್ಗದ ತುದಿಯಲ್ಲಿ ಕೆಂಡ ಕನಲುತ್ತಿರುತ್ತಿತ್ತು. ಅಂಗಡಿಯವನು ಕಟ್ಟು ಕೈಗಿತ್ತು, ಯಾರಿಗೆಂದು ಕೇಳದೆ, ಮೇಷ್ಟ್ರ ಹೆಸರಿಗೆ ಬರೆದುಕೊಳ್ಳುತ್ತಿದ್ದ. ಅದೇ ಶಾಲೆಯ ಹಿಂದಿನ ಹುಣಸೆ ಮರದಡಿ ಮೋಟುಬೀಡಿ ಸೇದಿ ಸಿಕ್ಕಿಬಿದ್ದ ಏಳನೇ ತರಗತಿಯವನಿಗೆ ಬೆನ್ನ ಮೇಲೆ ಬರೆ ಬಿತ್ತು. ಹೊಡೆದವರೂ ಅದೇ ಮೇಷ್ಟ್ರು. ಆ ಹೊತ್ತು ನಮಗ್ಯಾರಿಗೂ ಅದರಲ್ಲಿ ಅಸಂಗತವಾದದ್ದೇನೂ ಕಾಣಲಿಲ್ಲ. ದೊಡ್ಡವರು ಸೇದುವುದು, ಚಿಕ್ಕವರು ಸೇದಬಾರದ್ದು, ಹೀಗೆಯೇ ಲೋಕ ಎಂದುಕೊಂಡಿದ್ದೆವು. ನನ್ನ ಈ ನೆನಪಿನ ಬೆಲೆ ಟಾಮ್ ರೋಜರ್ಸನ ಮಾತಿನ ಬೆಲೆಗಿಂತ ಹೆಚ್ಚಲ್ಲವೆಂದು ನಾನು ಬಲ್ಲೆ. ಆದರೆ ನನ್ನ ವಯಸ್ಸಿನ ಯಾರ ಬಳಿ ಈ ಮಾತು ತೆಗೆದರೂ ಅವರಿಗೂ ಇಂಥದೊಂದು ಅಂಗಡಿ, ಇಂಥದೊಂದು ಮರ ನೆನಪಾಗುತ್ತದೆ.

ಹೆಂಗಸರ ವಿಷಯದಲ್ಲಿ ಮಾತ್ರ ನಿಯಮ ದೊಡ್ಡವರನ್ನೂ ಬಿಡಲಿಲ್ಲ. ಅಮೆರಿಕದ ಮಿಚಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿದ್ದ ಶಿಕ್ಷಕರ ತರಬೇತಿ ಕಾಲೇಜು ಬಹಿರಂಗವಾಗಿ ಸಿಗರೇಟು ಸೇದಿದ್ದೂ ಸೇರಿದಂತೆ ನಡತೆಯ ಕಾರಣ ಕೊಟ್ಟು ಒಬ್ಬ ವಿದ್ಯಾರ್ಥಿನಿಯನ್ನು ಹೊರಹಾಕಿತು. ಆಕೆ ಮೊಕದ್ದಮೆ ಹೂಡಿದಳು. 1924ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕಾಲೇಜಿನ ಪರವಾಗಿ ತೀರ್ಪಿತ್ತಿತು. ಅಲ್ಲಿ ಚರ್ಚೆಯಾದದ್ದು ಆರೋಗ್ಯವಲ್ಲ, ಮುಂದೆ ಉಪಾಧ್ಯಾಯಿನಿಯಾಗಬೇಕಾದವಳ ಶೀಲ.

ಅರಿವು ಹೆಚ್ಚಿದಂತೆ ನಿಯಮ ಬಿಗಿಯಾಯಿತೆಂಬ ನಂಬಿಕೆಗೆ ದೊಡ್ಡ ಪೆಟ್ಟು ಕೊಡುವುದು ಅಮೆರಿಕದ ಮುಂದಿನ ಅಧ್ಯಾಯ. ಅಲ್ಲಿಯ ಸರ್ಕಾರದ ಉನ್ನತ ವೈದ್ಯಾಧಿಕಾರಿಯಾದ ಸರ್ಜನ್ ಜನರಲ್ 1964ರ ಜನವರಿ 11ರಂದು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಅಧಿಕೃತವಾಗಿ ಸಾರಿದರು. ಆಮೇಲಿನ ವರ್ಷಗಳಲ್ಲೇ, ವಿಶೇಷವಾಗಿ 1970ರ ದಶಕದಲ್ಲಿ, ಅನೇಕ ಹೈಸ್ಕೂಲುಗಳು ವಿದ್ಯಾರ್ಥಿಗಳು ಸೇದಲೆಂದೇ ಅಂಗಳದಲ್ಲಿ ಜಾಗ ಗುರುತಿಸಿ ಕೊಟ್ಟವು. ಪಶ್ಚಿಮ ಜರ್ಮನಿಯ ಶಾಲೆಗಳಲ್ಲೂ ಇಂಥ ಹೊಗೆಮೂಲೆಗಳಿದ್ದವು. ಇದು ಉಡಾಫೆಯಿಂದ ಆದದ್ದೆಂದು ನಾನು ಹೇಳಲಾರೆ. ಶೌಚಾಲಯಗಳಲ್ಲಿ ಹೊಗೆ ತುಂಬಿ ಸೇದದ ಮಕ್ಕಳು ಒಳಗೆ ಕಾಲಿಡಲಾಗುತ್ತಿರಲಿಲ್ಲ, ಕಸದ ಬುಟ್ಟಿಗೆ ಬೆಂಕಿಯ ಭಯವಿತ್ತು, ಉಪಾಧ್ಯಾಯರು ಪಾಠ ಬಿಟ್ಟು ಬಾಗಿಲು ಕಾಯಬೇಕಿತ್ತು. ಜೊತೆಗೆ ಅದು ಹದಿನೆಂಟರ ಹುಡುಗರು ವಿಯೆಟ್ನಾಮಿಗೆ ಹೋಗುತ್ತಿದ್ದ ಕಾಲ. 1971ರಲ್ಲಿ ಅವರಿಗೆ ಮತದಾನದ ಹಕ್ಕೂ ಬಂತು. ಯುದ್ಧಕ್ಕೆ ಕಳಿಸುವವರು ಸಿಗರೇಟು ಕಿತ್ತುಕೊಳ್ಳುವುದು ಹೇಗೆ? ಉಪಾಧ್ಯಾಯರ ಕೋಣೆಯ ಬಾಗಿಲ ಸಂದಿಯಿಂದ ಹೊಗೆ ಬರುತ್ತಿರುವಾಗ ಮಕ್ಕಳಿಗೆ ಬೇಡವೆನ್ನುವುದು ಹೇಗೆ? ಹೆಡ್‌ಮಾಸ್ತರರ ಬಳಿ ಇದಕ್ಕೆ ಉತ್ತರವಿರಲಿಲ್ಲ.

ಈ ಏರ್ಪಾಡು ಒಳಗಿನಿಂದ ಹೇಗಿತ್ತೆಂದು ತಿಳಿಯಲು ನ್ಯೂಜರ್ಸಿ ವಿರುದ್ಧ ಟಿ.ಎಲ್.ಒ. ಎಂಬ ಪ್ರಖ್ಯಾತ ಮೊಕದ್ದಮೆಯ ಕಡತಕ್ಕಿಂತ ಒಳ್ಳೆಯ ದಾಖಲೆ ನನಗೆ ಸಿಕ್ಕಿಲ್ಲ. ಕಾನೂನು ಓದುವವರು ಇದನ್ನು ಶಾಲೆಯಲ್ಲಿ ಶೋಧನೆಯ ಅಧಿಕಾರಕ್ಕಾಗಿ ಓದುತ್ತಾರೆ. ಹೊಗೆಯ ಚರಿತ್ರೆಗಾಗಿ ಓದುವವರು ಕಡಿಮೆ. 1980ರ ಮಾರ್ಚ್ 7ರಂದು ಪಿಸ್ಕಾಟವೇ ಹೈಸ್ಕೂಲಿನ ಶೌಚಾಲಯದಲ್ಲಿ ಇಬ್ಬರು ಹುಡುಗಿಯರು ಸೇದುತ್ತಿದ್ದುದನ್ನು ಶಿಕ್ಷಕಿ ಕಂಡರು. ಒಬ್ಬಳು ಒಪ್ಪಿಕೊಂಡಳು. ಹದಿನಾಲ್ಕು ವರ್ಷದ ಇನ್ನೊಬ್ಬಳು ತಾನು ಸೇದುವವಳೇ ಅಲ್ಲವೆಂದಳು. ಶಾಲೆಯ ಅಧಿಕಾರಿ ಅವಳ ಕೈಚೀಲ ತೆರೆದಾಗ ಮೊದಲು ಸಿಗರೇಟಿನ ಪೊಟ್ಟಣ, ಅದರಡಿ ಸುತ್ತುವ ಕಾಗದ, ಇನ್ನೂ ಕೆದಕಿದಾಗ ಗಾಂಜಾ. 1985ರ ಜನವರಿ 15ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಶೋಧನೆ ಸರಿಯೆಂದಿತು. ಪೊಲೀಸರಿಗೆ ಬೇಕಾಗುವಷ್ಟು ಆಧಾರ ಶಾಲೆಗೆ ಬೇಡ, ಸಕಾರಣವಾದ ಸಂಶಯ ಸಾಕು ಎಂಬುದು ಅದರ ಮತ. ಅದಕ್ಕೂ ಮುಂಚೆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಶೋಧನೆಯನ್ನು ತಳ್ಳಿಹಾಕಿತ್ತು. ಅದರ ಒಂದು ಕಾರಣವೇ ನನಗೆ ಬೇಕಾದದ್ದು: ಆ ಶಾಲೆಯಲ್ಲಿ ಸಿಗರೇಟು ಇಟ್ಟುಕೊಳ್ಳುವುದು ತಪ್ಪೇ ಆಗಿರಲಿಲ್ಲ. ಗೊತ್ತುಮಾಡಿದ ಜಾಗದಲ್ಲಿ ಸೇದಲು ಅಪ್ಪಣೆಯಿತ್ತು. ಹದಿನಾಲ್ಕರ ಹುಡುಗಿಯ ಚೀಲದಲ್ಲಿ ಪೊಟ್ಟಣವಿದ್ದರೆ ಅದು ಪೆನ್ಸಿಲ್ಲಿನಂತೆ. ಶೌಚಾಲಯದಲ್ಲಿ ಹಚ್ಚಿದರೆ ಮಾತ್ರ ಅಪರಾಧ. 1908ರಲ್ಲಿ ಹುಡುಗಿಯ ಜೇಬು ತಡಕಬಾರದು, ಸಿಗರೇಟು ಕಂಡರೆ ಕಿತ್ತುಕೊಳ್ಳಬೇಕು. 1985ಕ್ಕೆ ಬರುವಾಗ ಚೀಲ ತಡಕಬಹುದು, ಸಿಗರೇಟಿನದು ತಪ್ಪಿಲ್ಲ. ನಿಯಮ ಆಗಲೇ ವ್ಯಕ್ತಿಯನ್ನು ಬಿಟ್ಟು ಜಾಗದ ಕಡೆ ಹೊರಳಿತ್ತು, ಆದರೆ ತಪ್ಪು ಜಾಗದ ಕಡೆಗೆ.

ಅದನ್ನು ತಿದ್ದಿದ್ದು ಪಕ್ಕದವರ ಹೊಗೆಯ ವಿಜ್ಞಾನ. ಸೇದುವ ಗಂಡಂದಿರ ಸೇದದ ಹೆಂಡಂದಿರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂದು ಜಪಾನಿನ ತಾಕೇಶಿ ಹಿರಾಯಾಮ 1981ರಲ್ಲಿ ತೋರಿಸಿದರು. 1986ರ ಸರ್ಜನ್ ಜನರಲ್ ವರದಿ ಇಡಿಯಾಗಿ ಇದೇ ವಿಷಯದ್ದು. ಇದರೊಂದಿಗೆ ಪ್ರಶ್ನೆಯ ರೂಪವೇ ಬದಲಾಯಿತು. ಸೇದುವವನ ವಯಸ್ಸೆಷ್ಟು ಎಂಬುದು ಮುಖ್ಯವಲ್ಲ, ಅವನು ಸೇದುವಲ್ಲಿ ಉಸಿರಾಡುವವರು ಯಾರು ಎಂಬುದು ಮುಖ್ಯ. ಉಪಾಧ್ಯಾಯರ ಕೋಣೆಯ ಹೊಗೆ ಮೊದಲ ಬಾರಿಗೆ ಮಕ್ಕಳ ವಿಷಯವಾಯಿತು. ಅಮೆರಿಕದ 1994ರ ಮಕ್ಕಳ ಪರ ಕಾಯಿದೆ ಕೇಂದ್ರದ ಹಣ ಪಡೆಯುವ ಶಾಲೆಗಳ ಕಟ್ಟಡದೊಳಗೆ ಯಾರೂ ಸೇದಬಾರದೆಂದಿತು. ತಪ್ಪಿದರೆ ಒಂದೊಂದು ಉಲ್ಲಂಘನೆಗೆ 1000 ಡಾಲರಿನವರೆಗೆ ದಂಡ. ಇಂಗ್ಲೆಂಡಿನಲ್ಲಿ ಮುಚ್ಚಿದ ಸಾರ್ವಜನಿಕ ಸ್ಥಳಗಳೆಲ್ಲ ಹೊಗೆಮುಕ್ತವಾದದ್ದು 2007ರ ಜುಲೈ 1ರಂದು.

ನಮ್ಮಲ್ಲೂ ದಾರಿ ಇದೇ, ಆದರೆ ನಮ್ಮನ್ನು ನಡೆಸಿದ್ದು ಸಂಸತ್ತಿಗಿಂತ ಮೊದಲು ನ್ಯಾಯಾಲಯ. ಕರ್ನಾಟಕದಲ್ಲಿ ಪ್ರದರ್ಶನ ಮಂದಿರ ಮತ್ತು ಸಾರ್ವಜನಿಕ ಸಭಾಂಗಣಗಳಲ್ಲಿ ಧೂಮಪಾನ ನಿಷೇಧಿಸುವ ಕಾಯಿದೆ 1963ರಷ್ಟು ಹಿಂದೆಯೇ ಬಂದಿತ್ತು. ಸಿನಿಮಾ ನೋಡುವವರ ಕಣ್ಣುರಿ ಕಂಡ ಆ ಕಾಯಿದೆಯ ಶೀರ್ಷಿಕೆಯಲ್ಲಿ ಶಾಲೆಯಿಲ್ಲ. 1999ರ ಜುಲೈನಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳದ ಧೂಮಪಾನ ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದಿತು. 2001ರ ನವೆಂಬರ್ 2ರಂದು ಮುರಳಿ ದೇವರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯಿಸುವಂತೆ ಆದೇಶ ಕೊಟ್ಟು, ಆಸ್ಪತ್ರೆ, ಗ್ರಂಥಾಲಯ, ಕೋರ್ಟುಗಳ ಜೊತೆ ವಿದ್ಯಾಸಂಸ್ಥೆಗಳನ್ನೂ ಹೆಸರಿಸಿತು. ಸೇದದವನು ತನ್ನ ತಪ್ಪಿಲ್ಲದೆ ಯಾಕೆ ನರಳಬೇಕೆಂಬುದು ಅದರ ವಾದದ ಬೆನ್ನೆಲುಬು. ಹುಡುಗನ ಶೀಲದ ಮಾತು ಅಲ್ಲೆಲ್ಲೂ ಇಲ್ಲ.

ಆಮೇಲೆ ಬಂದದ್ದು 2003ರ ತಂಬಾಕು ಕಾಯಿದೆ, ಜನ ಕೋಟ್ಪಾ ಎಂದು ಕರೆಯುವುದು. ಅದರ 4ನೇ ಕಲಂ ವಿದ್ಯಾಸಂಸ್ಥೆಯಲ್ಲಿ ಸೇದುವುದನ್ನು ಎಲ್ಲರಿಗೂ ನಿಷೇಧಿಸಿತು. 6ನೇ ಕಲಂ ಹದಿನೆಂಟರೊಳಗಿನವರಿಗೆ ಮಾರಬಾರದೆಂದಿತು, ಯಾರು ಸೇದುವುದಕ್ಕೆ ಎಂಬ ಪ್ರಶ್ನೆಯೇ ಇಲ್ಲದೆ. ಮೇಷ್ಟ್ರ ಬೀಡಿಗೆ ಓಡುತ್ತಿದ್ದ ಚೂಟಿ ಹುಡುಗನ ದಾರಿ ಮುಚ್ಚಿದ್ದು ಈ ಸಾಲು. ಹದಿನೆಂಟರೊಳಗಿನವರು ಅಂಗಡಿಯಲ್ಲಿ ಕೂತು ಮಾರುವುದನ್ನೂ ನಿಯಮಗಳು ತಡೆದವು. ಅದೇ ಕಲಂ ಯಾವುದೇ ವಿದ್ಯಾಸಂಸ್ಥೆಯಿಂದ ನೂರು ಗಜದ ಫಾಸಲೆಯಲ್ಲಿ ಮಾರಾಟ ಕೂಡದೆಂದೂ ಹೇಳಿತು. ಅಳತೆ ಶಾಲೆಯ ಬಾಗಿಲಿನಿಂದಲ್ಲ, ಕಾಂಪೌಂಡು ಗೋಡೆಯ ಅಥವಾ ಬೇಲಿಯ ಹೊರ ಅಂಚಿನಿಂದ, ಸುತ್ತಲೂ.

2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ನನ್ನ ವಾದಕ್ಕೆ ಇನ್ನೂ ಹತ್ತಿರದವು. 200 ರೂಪಾಯಿಯವರೆಗೆ ದಂಡ ಹಾಕುವ ಅಧಿಕಾರವುಳ್ಳವರ ಪಟ್ಟಿಯಲ್ಲಿ ಮುಖ್ಯೋಪಾಧ್ಯಾಯರೂ ಇದ್ದಾರೆ. ದೊಡ್ಡ ಹೋಟೆಲು, ವಿಮಾನ ನಿಲ್ದಾಣಗಳಲ್ಲಿ ಸೇದಲು ಪ್ರತ್ಯೇಕ ಕೋಣೆಗೆ ಅವಕಾಶವಿದೆ, ಶಾಲೆಗೆ ಇಲ್ಲ. ಬೆತ್ತ ಹಿಡಿದು ಹುಡುಗನ ಜೇಬು ನೋಡುತ್ತಿದ್ದವರ ಕೈಗೆ ರಸೀದಿ ಪುಸ್ತಕ ಬಂತು. ಅದು ಬಳಕೆಯಾಗಬೇಕಾದದ್ದು ಸಹೋದ್ಯೋಗಿಯ ಮೇಲೆ, ತನಿಖೆಗೆ ಬಂದವರ ಮೇಲೆ, ಮಗನನ್ನು ಬಿಡಲು ಬಂದ ತಂದೆಯ ಮೇಲೆ. ಹುಡುಗನಿಗೆ ಬರೆ ಎಳೆಯುವುದಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಎದೆಗಾರಿಕೆ ಇದಕ್ಕೆ ಬೇಕು. ಗ್ರಾಮದ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರೊಬ್ಬರು ಊರಿನ ಪ್ರಮುಖರಿಗೆ ಎದುರು ನಿಂತು ಬೀಡಿ ಆರಿಸಿ ಎನ್ನುವುದು ಎಷ್ಟು ಕಷ್ಟವೆಂದು ಹಳ್ಳಿಯಲ್ಲಿ ಬದುಕಿದವರಿಗೆ ಗೊತ್ತು. ಹೇಳಿದವರಿಗೆ ನನ್ನ ಗೌರವವಿದೆ.

ಶಾಲೆಯ ಸುತ್ತಲ ಆ ನೂರು ಗಜದ ಗೆರೆಯ ಲೆಕ್ಕವನ್ನೂ ಒಮ್ಮೆ ನೋಡಬೇಕು. ನೂರು ಗಜವೆಂದರೆ 91.44 ಮೀಟರ್. ಶಾಲೆಯನ್ನು ಬರಿಯ ಒಂದು ಚುಕ್ಕೆಯೆಂದು ತಿಳಿದರೂ ಅದರ ಸುತ್ತ ಸುಮಾರು ಆರೂವರೆ ಎಕರೆ ತಂಬಾಕಿಲ್ಲದ ನೆಲವಾಗುತ್ತದೆ. ಕರ್ನಾಟಕ 2024ರಲ್ಲಿ ಅಂಗೀಕರಿಸಿ, 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದ ತಿದ್ದುಪಡಿ ಕಾಯಿದೆಯು ಗಜವನ್ನು ಮೀಟರಾಗಿಸಿತು, ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು, ಬಿಡಿಯಾಗಿ ಮಾರುವುದನ್ನು ತಡೆಯಿತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡವನ್ನು 200ರಿಂದ 1000 ರೂಪಾಯಿಗೆ ತಂದಿತು. ಗಜ ಮೀಟರಾದದ್ದು ಕೇವಲ 28 ಅಡಿಯ ವ್ಯತ್ಯಾಸ. ಆದರೆ ಆ ಚುಕ್ಕೆಯ ಲೆಕ್ಕದಲ್ಲೇ ನೆಲ ಸುಮಾರು ಶೇ. 20ರಷ್ಟು ಹಿಗ್ಗುತ್ತದೆ. ಬೆಂಗಳೂರಿನ ಹಳೆಯ ಪೇಟೆಯಂಥ ಕಡೆ ಒಂದು ಶಾಲೆಯ ವರ್ತುಲ ಇನ್ನೊಂದರ ವರ್ತುಲದ ಮೇಲೆ ಬೀಳುತ್ತದೆ. ಅಲ್ಲಿ ಪೆಟ್ಟಿಗೆ ಅಂಗಡಿ ಇಟ್ಟುಕೊಂಡವರ ಸಂಕಟ ನಿಜವಾದದ್ದು. ಅವರನ್ನು ಬರಿಯ ಅಪರಾಧಿಗಳಂತೆ ಕಾಣುವುದು ನನಗೆ ಒಪ್ಪಿಗೆಯಿಲ್ಲ.

ಹಾಗಿದ್ದರೂ ವಯಸ್ಸಿನ ಏರಿಕೆಗಿಂತ ಈ ಗೆರೆಯೇ ಹೆಚ್ಚಿನದೆಂದು ನನ್ನ ತೀರ್ಮಾನ. ಕಾರಣ 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಲ್ಲಿದೆ. ದೇಶದ 987 ಶಾಲೆಗಳಲ್ಲಿ ನಡೆದ ಆ ಸಮೀಕ್ಷೆಯಂತೆ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಶೇ. 8.5 ಮಂದಿ ಯಾವುದಾದರೊಂದು ತಂಬಾಕು ಬಳಸುತ್ತಿದ್ದರು. 2009ರಲ್ಲಿ ಇದು ಶೇ. 14.6 ಇತ್ತು. ಕರ್ನಾಟಕದ ಪ್ರಮಾಣ ಶೇ. 1.2, ದೇಶದಲ್ಲೇ ತೀರ ಕಡಿಮೆಯವುಗಳಲ್ಲಿ ಒಂದು. ಮಕ್ಕಳೇ ತುಂಬಿಕೊಡುವ ಉತ್ತರಗಳಾದ್ದರಿಂದ ಈ ಅಂಕಿಯನ್ನು ಸ್ವಲ್ಪ ಎಚ್ಚರದಿಂದಲೇ ಓದುತ್ತೇನೆ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಒಂದು ಸಾಲು: ಬೀಡಿ ಸೇದಿ ನೋಡಿದ್ದ ವಿದ್ಯಾರ್ಥಿಗಳಲ್ಲಿ ಶೇ. 47 ಮಂದಿ ಮೊದಲ ಬೀಡಿ ಸೇದಿದ್ದು ಹತ್ತು ತುಂಬುವ ಮೊದಲು. ಅದು ಇನ್ನೂ ನಾಲ್ಕನೇ ತರಗತಿಯ ವಯಸ್ಸು. ಆ ಮಗುವಿಗೆ ಮಿತಿ ಹದಿನೆಂಟಾದರೇನು, ಇಪ್ಪತ್ತೊಂದಾದರೇನು? ಅದರ ಬದುಕನ್ನು ಮುಟ್ಟುವುದು ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿ ಇದೆಯೋ ಇಲ್ಲವೋ, ದಾರಿಯ ಕೊನೆಯಲ್ಲಿ ಮೋಟು ಬಿಸಾಡುವ ಬೆರಳು ಇದೆಯೋ ಇಲ್ಲವೋ ಎಂಬುದು.

ಆ ದಾರಿಯನ್ನು ಹಿಡಿದು ದಕ್ಷಿಣ ಕನ್ನಡಕ್ಕೆ ಹೋದರೆ ಇನ್ನೊಂದು ಸಂಗತಿ ಕಾಣುತ್ತದೆ. ಅಲ್ಲಿಯ ಎಷ್ಟೋ ಮನೆಗಳ ಜಗಲಿಯಲ್ಲಿ ತಾಯಂದಿರು ಮಡಿಲಲ್ಲಿ ಗೆರಸೆಯಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ಬೀಡಿ ಕಟ್ಟುತ್ತಾರೆ; ಕಟ್ಟಿದ್ದನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬಂದ ಹಣದಲ್ಲಿ ಮಕ್ಕಳ ಪುಸ್ತಕ, ಚೀಲ, ಸಮವಸ್ತ್ರ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ಕಲ್ಯಾಣ ನಿಧಿಯಿಂದ ವಿದ್ಯಾರ್ಥಿವೇತನವೂ ಇದೆ. ಮಗು ಬೀಡಿ ಕಟ್ಟುವುದನ್ನು 1986ರ ಬಾಲಕಾರ್ಮಿಕ ಕಾಯಿದೆ ನಿಷಿದ್ಧ ಕೆಲಸಗಳ ಪಟ್ಟಿಗೆ ಸೇರಿಸಿದೆ. ತಾಯಿ ಕಟ್ಟುವುದಕ್ಕೆ ಅಡ್ಡಿಯಿಲ್ಲ. ಕೋಟ್ಪಾದ 6ನೇ ಕಲಂ ತಡೆಯುವುದು ಮಾರಾಟವನ್ನು. ಆದ್ದರಿಂದ ಶಾಲೆಯ ಬೇಲಿಯಾಚೆಯ ಮನೆಯಲ್ಲಿ, ನೂರು ಮೀಟರಿನ ಒಳಗೇ, ಬೀಡಿ ಕಟ್ಟಬಹುದು. ಸಂಜೆ ಗಂಟೆ ಹೊಡೆದು ಮಕ್ಕಳು ಮನೆಗೆ ಬರುವ ಹೊತ್ತಿಗೆ ಆ ಜಗಲಿಯಲ್ಲಿ ತಂಬಾಕಿನ ವಾಸನೆ ಇನ್ನೂ ಇರುತ್ತದೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಾಯಿಯ ಉದ್ಯೋಗ ಬರೆಯಬೇಕಾದ ಅಂಕಣದಲ್ಲಿ ಉಪಾಧ್ಯಾಯರು ಬರೆಯುವುದು ಎರಡೇ ಪದ: ಬೀಡಿ ಕಟ್ಟುವುದು.